ವಿಮಾನದ ಬ್ಯಾಟರಿ ಚಾರ್ಜ್ ಆಗಲಿಲ್ಲ, ಏಕೆ?

ಮಕ್ಕಳೇ, ಮನೆಯ ಟಾರ್ಚು ಹತ್ತದಿದ್ದರೆ ನೀವು ಏನು ಮಾಡುತ್ತೀರಿ? ಅಂಗೈಗೆ ಎರಡು ಸಲ ಬಡಿದು ನೋಡುತ್ತೀರಿ. ಆಗಲೂ ಹತ್ತದಿದ್ದರೆ 'ಇದನ್ನು ಕೆಡಿಸಿದವರು ಯಾರು?' ಎಂದು ತಮ್ಮನ ಕಡೆಗೋ ತಂಗಿಯ ಕಡೆಗೋ ನೋಡುತ್ತೀರಿ, ಅಲ್ಲವೇ? ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ವರ್ಷಗಟ್ಟಲೆ ವಿಜ್ಞಾನ ಕಲಿಸಿದ ನಾನೂ ಒಮ್ಮೆ ಹಾಗೆಯೇ ಮಾಡಿದೆ. ಆ ಸಂಗತಿಯನ್ನು ಇಂದು ನಿಮಗೆ ಹೇಳುತ್ತೇನೆ.

ನಾನು ಹಾವೇರಿ ಜಿಲ್ಲೆಯ ಶಾಲೆಗಳಿಗೆ ವಿಜ್ಞಾನದ ಮಾದರಿಗಳನ್ನು ಹೊತ್ತು ತಿರುಗುವ ಸಂಪನ್ಮೂಲ ಶಿಕ್ಷಕ. ನನ್ನ ಬಳಿ ಥರ್ಮೋಕೋಲ್ ಹಾಳೆಯಿಂದ ಮಾಡಿದ ಒಂದು ವಿಮಾನವಿದೆ. ಮೂಗಿನಲ್ಲಿ ಪುಟ್ಟ ಮೋಟಾರು, ಹೊಟ್ಟೆಯಲ್ಲಿ ಬ್ಯಾಟರಿ. ನೆಲದ ಮೇಲೆ ನಿಂತು ರಿಮೋಟಿನಿಂದ ಅದನ್ನು ಹಾರಿಸಬಹುದು. ಒಂದು ಜನವರಿಯಲ್ಲಿ ಅದನ್ನು ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿ ಹತ್ತಿರದ ಒಂದು ಶಾಲೆಗೆ ಒಯ್ದಿದ್ದೆ. ಗೋವಿನಜೋಳದ ಕಟಾವು ಮುಗಿದು ಹೊಲಗಳು ಬಯಲಾಗಿದ್ದವು. ವಿದ್ಯುತ್ ತಂತಿಗಳಿಲ್ಲದ ಒಂದು ಹೊಲವನ್ನು ನೋಡಿ ಇಟ್ಟುಕೊಂಡಿದ್ದೆವು.

ಶುಕ್ರವಾರ ಮಧ್ಯಾಹ್ನ ತರಗತಿಯಲ್ಲೇ ವಿಮಾನದ ಭಾಗಗಳನ್ನು ತೋರಿಸಿದೆ. ಆರನೇ ತರಗತಿಯ ಒಬ್ಬ ಹುಡುಗನಿಗೆ ಬ್ಯಾಟರಿಯ ಪ್ಲಗ್ ಜೋಡಿಸಲು ಹೇಳಿದೆ. ಜೋಡಿಸುವಾಗ 'ಚಟ್' ಎಂದು ಸಣ್ಣ ಕಿಡಿ ಹಾರಿತು. ಹುಡುಗ ಬೆದರಿ ಕೈ ಹಿಂದೆಗೆದ, ಮಕ್ಕಳೆಲ್ಲ ನಕ್ಕರು. ಮೋಟಾರು ಚೆನ್ನಾಗಿಯೇ ತಿರುಗಿತು. ಬಸ್ಸಿನ ಹೊತ್ತಾಗಿದ್ದರಿಂದ ಅವಸರದಲ್ಲಿ ವಿಮಾನವನ್ನು ಪೆಟ್ಟಿಗೆಯಲ್ಲಿಟ್ಟು ಹೊರಟೆ. ಸೋಮವಾರ ಹಾರಿಸುವುದೆಂದು ಗೊತ್ತಾಗಿತ್ತು. ಪಕ್ಕದ ಊರುಗಳ ಮಕ್ಕಳೂ ಬರುವವರಿದ್ದರು.

ಸೋಮವಾರ ಬೆಳಿಗ್ಗೆ ಬ್ಯಾಟರಿಯನ್ನು ಚಾರ್ಜರಿಗೆ ಜೋಡಿಸಿದರೆ ಚಾರ್ಜರು ಕುಂಯ್‌ಗುಟ್ಟಿತು. ಅದರ ಪರದೆಯ ಮೇಲೆ 'ಲೋ ವೋಲ್ಟೇಜ್' ಎಂಬ ಅಕ್ಷರಗಳು. ಮತ್ತೆ ಜೋಡಿಸಿದೆ, ಮತ್ತೆ ಅದೇ. ಹೊರಗೆ ನೂರಾರು ಮಕ್ಕಳು ಕಾಯುತ್ತಿದ್ದರು. ನನಗೆ ಶುಕ್ರವಾರದ ಕಿಡಿ ನೆನಪಾಯಿತು. ಎಲ್ಲರೆದುರು ಆ ಹುಡುಗನ ಕಡೆ ತಿರುಗಿ "ನೀನ ಸುಟ್ಟಿ ನೋಡು" ಎಂದೆ.

"ನಾ ಏನೂ ಮಾಡಿಲ್ರಿ ಸರ್ರ. ಕೂಡಿಸಿದ್ನಿ, ಅಷ್ಟರಿ" ಎಂದ ಅವನು. ಅವನ ಮಾತನ್ನು ಯಾರೂ ಕೇಳಲಿಲ್ಲ. ಬಂದ ಮಕ್ಕಳು ವಿಮಾನ ಹಾರುವುದನ್ನು ನೋಡದೆ ಮರಳಿದರು. ಮರುದಿನ ಆ ಹುಡುಗ ಶಾಲೆಗೆ ಬರಲಿಲ್ಲ.

ಒಂದು ಸಲಕ್ಕೆ ಒಂದೇ ಅನುಮಾನ

ಅವನ ಖಾಲಿ ಜಾಗ ನೋಡಿದಾಗ ನನಗೆ ಸಮಾಧಾನವಾಗಲಿಲ್ಲ. ನಾನು ಹೇಳಿದ್ದು ನಿಜವೇ? ನಾನು ಪರೀಕ್ಷೆಯನ್ನೇ ಮಾಡಿರಲಿಲ್ಲ! ಉಳಿದ ಮಕ್ಕಳನ್ನು ಕೂರಿಸಿಕೊಂಡು ಕರಿಹಲಗೆಯ ಮೇಲೆ ಬರೆದೆ: 1. ಕರೆಂಟು. 2. ಚಾರ್ಜರು ಮತ್ತು ತಂತಿಗಳು. 3. ಬ್ಯಾಟರಿ. ತಪ್ಪು ಈ ಮೂರರಲ್ಲಿ ಎಲ್ಲೋ ಒಂದು ಕಡೆ ಇರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ.

ಮೊದಲ ಅನುಮಾನ ಕರೆಂಟಿನ ಮೇಲೆ. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಹಳ್ಳಿಗಳಲ್ಲಿ ಬಲ್ಬು ಮಂಕಾಗುವುದನ್ನು ನೀವು ನೋಡಿದ್ದೀರಿ. ನಮ್ಮ ಚಾರ್ಜರು 12 ವೋಲ್ಟಿನ ಬ್ಯಾಟರಿಯಿಂದಲೂ ಓಡುತ್ತದೆ. ಶಾಲೆಯ ಮುಂದೆ ನಿಂತಿದ್ದ ಟ್ರ್ಯಾಕ್ಟರಿನ ಬ್ಯಾಟರಿಗೆ ಅದನ್ನು ಜೋಡಿಸಿದೆವು. ಪರದೆ ಬೆಳಗಿತು, ಆದರೆ ಅದೇ 'ಲೋ ವೋಲ್ಟೇಜ್'. ಹಾಗಾದರೆ ಕರೆಂಟಿನದು ತಪ್ಪಲ್ಲ.

ಎರಡನೆಯದು ಚಾರ್ಜರು ಮತ್ತು ತಂತಿಗಳು. ನನ್ನ ಚೀಲದಲ್ಲಿ ಅದೇ ಬಗೆಯ ಇನ್ನೊಂದು ಹಳೆಯ ಬ್ಯಾಟರಿ ಇತ್ತು. ವಿಮಾನವನ್ನು ಮೇಲೆತ್ತುವಷ್ಟು ಕಸುವು ಅದಕ್ಕಿಲ್ಲ, ಆದರೆ ಪರೀಕ್ಷೆಗೆ ಸಾಕು. ಅದೇ ಚಾರ್ಜರಿಗೆ, ಅದೇ ತಂತಿಗಳಿಂದ ಅದನ್ನು ಜೋಡಿಸಿದೆವು. ಚಾರ್ಜ್ ಆಗತೊಡಗಿತು! ಚಾರ್ಜರೂ ತಂತಿಗಳೂ ನಿರಪರಾಧಿಗಳೆಂದು ಗೊತ್ತಾಯಿತು. ಉಳಿದದ್ದು ಬ್ಯಾಟರಿ.

ಬ್ಯಾಟರಿಯ ಒಳಗೆ

ಇಟಲಿಯ ವೋಲ್ಟಾ 1800ರಲ್ಲಿ ಜಗತ್ತಿಗೆ ತೋರಿಸಿದ ಬ್ಯಾಟರಿ ಎಂದರೆ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆದ ತುಂಡುಗಳನ್ನಿಟ್ಟು ಒಂದರ ಮೇಲೊಂದು ಪೇರಿಸಿದ ಕಂಬ. ನಮ್ಮ ವಿಮಾನದ್ದು ಲಿಥಿಯಂ ಬ್ಯಾಟರಿ. ಮೊಬೈಲಿನಲ್ಲಿ ಇರುವುದೂ ಇದೇ ಬಗೆಯದು. 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಮೊದಲ ಬಾರಿಗೆ ಮಾರುಕಟ್ಟೆಗೆ ಬಂತು. ಅದಕ್ಕೆ ತಳಹದಿ ಹಾಕಿದ ಗುಡೆನಫ್, ವಿಟ್ಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಆಗ ಗುಡೆನಫ್ ಅವರಿಗೆ 97 ವರ್ಷ!

ನಮ್ಮ ಬ್ಯಾಟರಿಯಲ್ಲಿ ಮೂರು ಸೆಲ್ಲುಗಳು ಸಾಲಾಗಿ ಜೋಡಣೆಯಾಗಿವೆ. ತುಂಬಿದ ಸೆಲ್ಲಿನ ವೋಲ್ಟೇಜು 4.2. ಬಳಸುತ್ತ ಹೋದಂತೆ ಅದು ಇಳಿಯುತ್ತದೆ. 3 ವೋಲ್ಟಿಗಿಂತ ಕೆಳಗೆ ಇಳಿಯಲು ಬಿಡಬಾರದು. ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ಅಳೆಯಲು ಅನುಕೂಲವಾಗಲೆಂದು ನಾಲ್ಕು ಸಣ್ಣ ತಂತಿಗಳನ್ನು ಹೊರಗೆ ತಂದಿರುತ್ತಾರೆ. ಮೂರು ಸೆಲ್ಲಿಗೆ ನಾಲ್ಕು ತಂತಿ ಏಕೆ? ಚಿತ್ರ ಬರೆದು ನೋಡಿ, ನಿಮಗೇ ತಿಳಿಯುತ್ತದೆ.

ಮಲ್ಟಿಮೀಟರಿನಿಂದ ನಾನು ಅಳೆದೆ, ಒಬ್ಬ ಹುಡುಗಿ ಬರೆದುಕೊಂಡಳು: 2.4, 2.3, 0.9. ಒಟ್ಟು 5.6 ವೋಲ್ಟ್. ಇರಬೇಕಾದದ್ದು 9ಕ್ಕಿಂತ ಮೇಲೆ. ಇಷ್ಟು ಬರಿದಾದ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಅಪಾಯವೆಂದೇ ಚಾರ್ಜರು ನಿರಾಕರಿಸುತ್ತಿತ್ತು. ಅದು ಕೆಟ್ಟಿರಲಿಲ್ಲ, ನಮ್ಮನ್ನು ಕಾಪಾಡುತ್ತಿತ್ತು.

ಆದರೆ ಶುಕ್ರವಾರ ಬೆಳಿಗ್ಗೆ ಪೂರ್ತಿ ತುಂಬಿದ್ದ ಬ್ಯಾಟರಿ ಬರಿದಾದದ್ದು ಹೇಗೆ?

ಪೆಟ್ಟಿಗೆಯ ಇಲಿಮರಿ

ಅಷ್ಟರಲ್ಲಿ ಬಿಸಿಯೂಟದ ಅಡುಗೆ ಮಾಡುವ ಅಕ್ಕ ಬಾಗಿಲಲ್ಲಿ ನಿಂತು ಹೇಳಿದರು: "ಸರ್ರ, ಶನಿವಾರ ಮುಂಜಾನೆ ಆ ಪೆಟ್ಟಿಗ್ಯಾಗ ಇಲಿಮರಿ ಚೀಂವ್ ಚೀಂವ್ ಅನ್ನಾಕತ್ತಿದ್ವು ನೋಡ್ರಿ. ಈಗ ಸಪ್ಪಳನ ಇಲ್ಲ."

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಅದು ಇಲಿಯಲ್ಲ. ರಿಮೋಟಿನ ಸಂಕೇತ ಸಿಗದಿದ್ದಾಗ ವಿಮಾನದ ಮೋಟಾರು 'ಬೀಪ್ ಬೀಪ್' ಎಂದು ಕೂಗುತ್ತದೆ. ಬ್ಯಾಟರಿ ಜೋಡಣೆಯಲ್ಲಿದ್ದರೆ ಮಾತ್ರ ಹಾಗೆ ಕೂಗಲು ಸಾಧ್ಯ. ಶುಕ್ರವಾರ ಸಂಜೆ ನಾನು ರಿಮೋಟನ್ನು ಆರಿಸಿದ್ದೆ, ಆದರೆ ಬ್ಯಾಟರಿಯ ಪ್ಲಗ್ ಕಿತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಕಿತ್ತದ್ದು ನೆನಪಾಯಿತು. ಅವಸರದಲ್ಲಿ ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಊಹೆ ಸಾಲದು, ಅಳೆಯೋಣ ಎಂದೆವು. ಮೊದಲು ಪಂಕವನ್ನು ಬಿಚ್ಚಿಟ್ಟೆ. ಹಳೆಯ ಬ್ಯಾಟರಿಯನ್ನು ಮಲ್ಟಿಮೀಟರಿನ ಮೂಲಕ ವಿಮಾನಕ್ಕೆ ಜೋಡಿಸಿದೆ. ಮೋಟಾರು ತಿರುಗದೆ ಸುಮ್ಮನಿದ್ದಾಗಲೂ ಸುಮಾರು 60 ಮಿಲಿಆಂಪಿಯರ್ ವಿದ್ಯುತ್ ಹರಿಯುತ್ತಿತ್ತು. ಸಂಕೇತಕ್ಕಾಗಿ ಕಾಯುವ ಪುಟ್ಟ ರಿಸೀವರಿಗೆ ಮತ್ತು ಉಳಿದ ಮಂಡಲಗಳಿಗೆ ಬೇಕಾದ ವಿದ್ಯುತ್ ಅದು. ನಮ್ಮ ಬ್ಯಾಟರಿಯ ಮೇಲೆ 2200 ಮಿಲಿಆಂಪಿಯರ್-ಗಂಟೆ ಎಂದು ಬರೆದಿದೆ. 2200ನ್ನು 60ರಿಂದ ಭಾಗಿಸಿ ನೋಡಿ. ಸುಮಾರು 37 ಗಂಟೆ. ಶುಕ್ರವಾರ ಸಂಜೆ 5ರಿಂದ ಸೋಮವಾರ ಬೆಳಿಗ್ಗೆ 9ರವರೆಗೆ 64 ಗಂಟೆ. ಲೆಕ್ಕ ಸರಿಹೋಯಿತು. ಸೋರುವ ನಲ್ಲಿಯಂತೆ ಹನಿಹನಿಯಾಗಿ ಬ್ಯಾಟರಿ ಬರಿದಾಗಿತ್ತು. ಬ್ಯಾಟರಿಯನ್ನು ಕೊಂದವನು ಆ ಹುಡುಗನಲ್ಲ, ನಾನು.

ಹಾಗಾದರೆ ಆ ಕಿಡಿ? ಮೋಟಾರಿನ ವೇಗ ನಿಯಂತ್ರಿಸುವ ಮಂಡಲದಲ್ಲಿ ಕೆಪಾಸಿಟರುಗಳಿವೆ. ಪ್ಲಗ್ ತಾಗಿದ ಕ್ಷಣದಲ್ಲಿ ಬರಿದಾದ ಕೆಪಾಸಿಟರುಗಳು ರಭಸದಿಂದ ತುಂಬಿಕೊಳ್ಳುತ್ತವೆ, ಆಗ ಸಣ್ಣ ಕಿಡಿ ಕಾಣುವುದು ಸಹಜ. ಇನ್ನು ಆ ಪ್ಲಗ್ಗಿನ ಆಕಾರವೇ ಅದನ್ನು ತಿರುಗಾಮುರುಗಾ ಜೋಡಿಸಲು ಬಿಡುವುದಿಲ್ಲ. ಪ್ಲಗ್ಗನ್ನು ಒಮ್ಮೆ ನೋಡಿದ್ದರೂ ನಾನು ಆ ಮಾತು ಆಡುತ್ತಿರಲಿಲ್ಲ.

ಸತ್ತ ಸೆಲ್ಲನ್ನು ಎಬ್ಬಿಸಬಹುದೇ?

ಚಾರ್ಜರನ್ನು ಮೋಸಗೊಳಿಸುವ ಒಂದು ಉಪಾಯ ಕೆಲವರಿಗೆ ಗೊತ್ತಿದೆ. ಬೇರೆ ಬಗೆಯ ಬ್ಯಾಟರಿ ಎಂದು ಚಾರ್ಜರಿಗೆ ಸೂಚನೆ ಕೊಟ್ಟು ಸ್ವಲ್ಪ ಹೊತ್ತು ವಿದ್ಯುತ್ ತುಂಬುವುದು. ನನಗೂ ಆಸೆಯಾಯಿತು, ಏಕೆಂದರೆ ಹೊಸ ಬ್ಯಾಟರಿಗೆ ನನ್ನ ಜೇಬಿನಿಂದಲೇ ಹಣ ಹೋಗಬೇಕಿತ್ತು. ಆದರೆ ಲಿಥಿಯಂ ಸೆಲ್ಲು ಅತಿಯಾಗಿ ಬರಿದಾದಾಗ ಅದರೊಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಆ ತಾಮ್ರ ಬೇಡವಾದ ಕಡೆ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಸೆಲ್ಲು ಕಾದು, ಉಬ್ಬಿ, ಬೆಂಕಿ ಹತ್ತಬಹುದು. ಮಕ್ಕಳಿರುವ ಕೋಣೆಯಲ್ಲಿ ಅಂಥ ಪ್ರಯೋಗ ಸಲ್ಲದು. ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿ, ಮರಳು ತುಂಬಿದ ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟೆ. ಇಂಥ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬೇಡಿ, ಒಲೆಗಂತೂ ಹಾಕಲೇಬೇಡಿ.

ಆಮೇಲೆ ಆ ಹುಡುಗನ ಮನೆಗೆ ಹೋದೆ. ಅವರ ತಂದೆ ಕಟ್ಟೆಯ ಮೇಲೆ ಕುಳಿತಿದ್ದರು. "ತಪ್ಪು ನನ್ನದರಿ, ಇವಂದಲ್ಲ" ಎಂದೆ. ಮರುದಿನ ಅದೇ ಮಾತನ್ನು ತರಗತಿಯಲ್ಲಿ, ಎಲ್ಲರೆದುರು ಹೇಳಿದೆ. ಎಲ್ಲರೆದುರು ಹೊರಿಸಿದ ತಪ್ಪನ್ನು ಎಲ್ಲರೆದುರೇ ಇಳಿಸಬೇಕು. ಕರಿಹಲಗೆಯ ಮೇಲಿದ್ದ ಅಂಕಿಗಳನ್ನು ಅವನೇ ಓದಿದ, 37 ಗಂಟೆಯ ಲೆಕ್ಕವನ್ನು ತಾನೇ ಮಾಡಿದ. ಆಮೇಲಷ್ಟೇ ನಕ್ಕ.

ಮುಂದಿನ ತಿಂಗಳು ಹೊಸ ಬ್ಯಾಟರಿ ಬಂತು. ಜೋಡಿಸಿದವನು ಅವನೇ. 'ಚಟ್' ಎಂದಿತು, ಅವನು ಬೆದರಲಿಲ್ಲ. ವಿಮಾನ ಹೊಲದ ಮೇಲೆ ಮೂರು ಸುತ್ತು ಹಾಕಿ ಇಳಿಯಿತು. ಇಳಿದ ಕೂಡಲೇ ಪ್ಲಗ್ ಕಿತ್ತವನೂ ಅವನೇ!

ಕೆಲವು ದಿನಗಳ ನಂತರ ಅವನು ಇನ್ನೊಂದು ಪ್ರಶ್ನೆ ತಂದ. ಅವರ ಮನೆಯಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಪಂಪು ಚಾರ್ಜ್ ಆಗುತ್ತಿರಲಿಲ್ಲ. ಅದರಲ್ಲಿರುವುದು 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ. ಹಂಗಾಮು ಮುಗಿದ ಮೇಲೆ ಬರಿದಾದ ಬ್ಯಾಟರಿಯನ್ನೇ ಅಟ್ಟದ ಮೇಲೆ ಇಟ್ಟಿದ್ದರು. ಹಾಗಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಬ್ಯಾಟರಿ ಮತ್ತೆ ವಿದ್ಯುತ್ ಹಿಡಿಯುವುದಿಲ್ಲ. ಸೀಸ-ಆಮ್ಲದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಇಡಬೇಕು. ಲಿಥಿಯಂ ಬ್ಯಾಟರಿಯನ್ನು ಬಹಳ ದಿನ ಇಡುವುದಾದರೆ ಅರ್ಧದಷ್ಟು ತುಂಬಿಸಿ, ಎಂದರೆ ಸೆಲ್ಲಿಗೆ ಸುಮಾರು 3.8 ವೋಲ್ಟಿನಲ್ಲಿ, ಇಡಬೇಕು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಹಿತವಲ್ಲ.

ನೀವೇ ಮಾಡಿ ನೋಡಿ

ನಿಮ್ಮ ಶಾಲೆಯಲ್ಲಿ ಮಲ್ಟಿಮೀಟರ್ ಇದ್ದರೆ ಟಾರ್ಚು ಮತ್ತು ಗೋಡೆ ಗಡಿಯಾರದ ಹಳೆಯ ಸೆಲ್ಲುಗಳನ್ನು ತಂದು ಶಿಕ್ಷಕರ ಜೊತೆ ಅಳೆಯಿರಿ. ಹೊಸ ಸೆಲ್ಲಿನಲ್ಲಿ ಸುಮಾರು 1.5 ವೋಲ್ಟ್ ಇರುತ್ತದೆ. ಟಾರ್ಚಿಗೆ ಸಾಲದ ಸೆಲ್ಲು ಗಡಿಯಾರವನ್ನು ಇನ್ನೂ ಕೆಲವು ದಿನ ಓಡಿಸಬಲ್ಲದು. ಏಕೆ? ಯೋಚಿಸಿ. ಮೊಬೈಲಿನ ಮತ್ತು ಆಟಿಕೆಗಳ ಲಿಥಿಯಂ ಬ್ಯಾಟರಿಗಳನ್ನು ಮಾತ್ರ ಬಿಚ್ಚಬೇಡಿ, ಚುಚ್ಚಬೇಡಿ.

ಇನ್ನು ಮೇಲೆ ಏನಾದರೂ ಕೆಟ್ಟಾಗ 'ಯಾರು ಕೆಡಿಸಿದರು?' ಎಂದು ಕೇಳುವ ಮೊದಲು 'ಏಕೆ ಕೆಟ್ಟಿತು?' ಎಂದು ಕೇಳಿ. ನಾನೂ ಹಾಗೆಯೇ ಕೇಳಲು ಕಲಿಯುತ್ತಿದ್ದೇನೆ.