ನೇತ್ರಾಣಿಯ ನೀರಿನಲ್ಲಿ ನಾಲ್ಕು ದಿನ

ಮುರುಡೇಶ್ವರದ ಕಡಲತಡಿಯಲ್ಲಿ ನಿಂತು ಪಡುವಣಕ್ಕೆ ಕಣ್ಣು ಹಾಯಿಸಿದರೆ, ಆಕಾಶ ತಿಳಿಯಾಗಿರುವ ದಿನ ಬಾನಂಚಿನಲ್ಲಿ ಮಸುಕಾದ ಗುಡ್ಡವೊಂದು ಗೋಚರಿಸುತ್ತದೆ. ಅದೇ ನೇತ್ರಾಣಿ. ದಡದಿಂದ ಸುಮಾರು 19 ಕಿಲೋಮೀಟರು. ಬೋಟಿನಲ್ಲಿ ಒಂದು, ಒಂದೂವರೆ ಗಂಟೆಯ ಪಯಣ. 123 ಅಡಿ ಎತ್ತರದ ಶಿವನ ವಿಗ್ರಹವು ಹಿಂದೆ ಸರಿಸರಿದು ಬೆರಳ ಗಾತ್ರವಾಗುತ್ತಿದ್ದಂತೆ, ನೀರಿನ ಮಣ್ಣುಬಣ್ಣ ಕಳೆದು ಹಸುರಾಗಿ, ಹಸುರು ನೀಲಿಗೆ ತಿರುಗುತ್ತದೆ. ದ್ವೀಪದ ಕಡಿದಾದ ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲಹದ್ದುಗಳು ಸುಳಿಯುತ್ತವೆ. ಆದರೆ ಬೋಟು ತುಂಬಿ ಬರುವ ಜನರ ಲಕ್ಷ್ಯವೆಲ್ಲ ಕೆಳಗಿನ ಹವಳದ ಕಡೆಗೆ, ಅದರ ಸಂದುಗಳಲ್ಲಿ ನುಸುಳುವ ಮೀನುಗಳ ಕಡೆಗೆ.

ಮುಳುಗುವುದೆಂದರೆ ಕನ್ನಡಿಗರಿಗೆ ಅಮಂಗಳ. ‘ಸಾಲದಲ್ಲಿ ಮುಳುಗಿದ’, ‘ಮನೆ ಮುಳುಗಿಸಿದ’ ಎಂಬಂಥವೇ ನಮ್ಮ ನುಡಿಗಟ್ಟುಗಳು. ಹಣ ತೆತ್ತು ಮುಳುಗಲು ಹೊರಟ ಮಗನನ್ನೋ ಮಗಳನ್ನೋ ಕಂಡು ಹಿರಿಯರು ಗಾಬರಿಗೊಂಡರೆ ಆಶ್ಚರ್ಯವೇನು? ‘ಅಪಾಯವಿಲ್ಲವೇ?’ ಎಂಬುದು ಅವರ ಪ್ರಶ್ನೆ. ‘ಎಷ್ಟು ದಿನ ಹಿಡಿಯುತ್ತದೆ?’ ಎಂಬುದು ಮಕ್ಕಳ ಪ್ರಶ್ನೆ. ಎರಡನೆಯದಕ್ಕೆ ಸರಿಯಾದ ಉತ್ತರ ದೊರೆತರೆ ಮೊದಲನೆಯದಕ್ಕೂ ಬಹುಮಟ್ಟಿಗೆ ದೊರೆತಂತೆಯೇ.

ಒಂದೇ ದಿನದಲ್ಲಿ ನೀರಿಗಿಳಿದು ಮೇಲೆ ಬರುವವರೇ ಇಲ್ಲಿ ಹೆಚ್ಚು. ಅವರಿಗೆ ಈಜು ಬರಬೇಕಾದುದಿಲ್ಲ. ಅರ್ಧ ತಾಸಿನ ವಿವರಣೆ, ಬೆನ್ನಿಗೆ ಸಿಲಿಂಡರು, ಪಕ್ಕದಲ್ಲಿ ಬಿಡದೆ ಹಿಡಿದುಕೊಂಡಿರುವ ಶಿಕ್ಷಕ; 12 ಮೀಟರಿಗಿಂತ ಕೆಳಕ್ಕೆ ಹೋಗುವಂತಿಲ್ಲ. ಮೀನಿನ ನಡುವೆ ತೆಗೆದ ಚಿತ್ರ ಕೈಸೇರುತ್ತದೆ. ಅದು ಕಡಲನ್ನು ಕಂಡದ್ದಕ್ಕೆ ಸಾಕ್ಷಿಯೇ ಹೊರತು ಮುಳುಗಲು ಬಲ್ಲೆನೆಂಬುದಕ್ಕೆ ಪ್ರಮಾಣಪತ್ರವಲ್ಲ.

ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ದಿನ ಬೇಕು. 1966ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ‘ಪ್ಯಾಡಿ’ ಸಂಸ್ಥೆಯ ‘ಓಪನ್ ವಾಟರ್’ ಪದವಿಯೇ ಇವುಗಳಲ್ಲಿ ಹೆಚ್ಚು ಪ್ರಚಲಿತವಾದುದು. ಹತ್ತು ವರ್ಷ ತುಂಬಿದ ಮಕ್ಕಳೂ ಸೇರಬಹುದು. 200 ಮೀಟರು ಈಜಬೇಕು, ಹತ್ತು ನಿಮಿಷ ತೇಲಬೇಕು. ಪಾಠಭಾಗವನ್ನು ಮನೆಯಲ್ಲೇ ಓದಿ ಮುಗಿಸಿಕೊಂಡು ಬಂದರೆ ಒಂದು ದಿನ ಉಳಿತಾಯ. ಮುಂದಿನ ಅಭ್ಯಾಸವೆಲ್ಲ ಈಜುಕೊಳದಲ್ಲಿ, ಇಲ್ಲವೇ ಕೊಳದಷ್ಟೇ ಶಾಂತವಾದ ನೀರಿನಲ್ಲಿ: ಮುಖದ ಕನ್ನಡಕದೊಳಕ್ಕೆ ನುಗ್ಗಿದ ನೀರನ್ನು ಮೂಗಿನ ಉಸಿರಿನಿಂದ ಹೊರದೂಡುವುದು, ಬಾಯಿಂದ ಜಾರಿದ ಗಾಳಿನಳಿಕೆಯನ್ನು ಹುಡುಕಿ ಹಿಡಿಯುವುದು, ಜೊತೆಗಾರನೊಡನೆ ಗಾಳಿ ಹಂಚಿಕೊಳ್ಳುವುದು. ಮಾತಿಲ್ಲದ ಲೋಕವಾದುದರಿಂದ ಎಲ್ಲವೂ ಕೈಸನ್ನೆ. ಹೆಬ್ಬೆರಳು ಮೇಲೆತ್ತಿದರೆ ‘ಭೇಷ್’ ಎಂದಲ್ಲ, ‘ಮೇಲಕ್ಕೆ ಹೋಗೋಣ’ ಎಂದರ್ಥ. ‘ಕ್ಷೇಮ’ ಎನ್ನಲು ಹೆಬ್ಬೆರಳು ತೋರುಬೆರಳುಗಳನ್ನು ಉಂಗುರವಾಗಿ ಜೋಡಿಸಬೇಕು, ಥೇಟು ಚಿನ್ಮುದ್ರೆ! ಕೊನೆಗೆ ಕಡಲಿನಲ್ಲಿ ನಾಲ್ಕು ಮುಳುಗು, ಕನಿಷ್ಠ ಎರಡು ದಿನಗಳಲ್ಲಿ. ಉತ್ತೀರ್ಣನಾದ ವಯಸ್ಕನು ಜೊತೆಗಾರನೊಡನೆ 18 ಮೀಟರಿನವರೆಗೆ ಇಳಿಯಬಹುದು.

ನಾಲ್ಕನ್ನು ಎರಡಕ್ಕೆ ಇಳಿಸಲಾಗದೇ ಎಂದು ಕೇಳುವವರುಂಟು. ಅವಸರಕ್ಕೆ ಅಡ್ಡಬರುವುದು ಶರೀರ. ಹತ್ತು ಮೀಟರು ಆಳದಲ್ಲಿ ಒತ್ತಡ ಮೇಲಿನದರ ಇಮ್ಮಡಿ. ಅಲ್ಲಿ ಶ್ವಾಸಕೋಶದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಮೇಲೇರಿದವನ ಶ್ವಾಸಕೋಶ ಹರಿಯಬಹುದು. ಆದ್ದರಿಂದ ಮೊದಲನೆಯ ನಿಯಮ: ಉಸಿರನ್ನು ಎಂದೂ ಕಟ್ಟಕೂಡದು. ಬಾವಿಯಲ್ಲಿ ದಮ್ಮು ಕಟ್ಟಿ ಮುಳುಗಿ ಶೂರರೆನಿಸಿಕೊಂಡವರಿಗೆ ಆ ಅಭ್ಯಾಸವನ್ನು ಮರೆಯುವುದೇ ಕಠಿನ ಪಾಠ. ಕಿವಿಯೂ ತನ್ನ ಹಟ ಬಿಡುವುದಿಲ್ಲ. ಮೂಗು ಹಿಡಿದು ಮೆಲ್ಲನೆ ಊದಿ, ಕಿವಿ ಒಪ್ಪಿದ ಮೇಲೆಯೇ ಇನ್ನೊಂದು ಮೀಟರು ಇಳಿಯಬೇಕು. ನೆಗಡಿಯಾಗಿದ್ದರೆ ಆ ದಿನ ಮುಳುಗೇ ಇಲ್ಲ.

ಲೆಕ್ಕಕ್ಕೆ ಬಾರದ ದಿನವೊಂದು ಬೇರೆ ಇದೆ. ಬೆಂಗಳೂರಿನ ಕುಟುಂಬಗಳು ಮರೆಯುವುದು ಇದನ್ನೇ. ಆಳದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತಮಾಂಸಗಳಲ್ಲಿ ಕರಗಿ ನಿಲ್ಲುತ್ತದೆ. ಒತ್ತಡ ಥಟ್ಟನೆ ಇಳಿದರೆ ಗೋಲಿಸೋಡ ಒಡೆದಂತೆ ಗುಳ್ಳೆಗಳೇಳುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಅದರ ಫಲ. ಸ್ಕಾಟ್ಲೆಂಡಿನ ಶರೀರವಿಜ್ಞಾನಿ ಹಾಲ್ಡೇನ್ ಮತ್ತು ಅವರ ಸಂಗಡಿಗರು ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ಮೇಲೇರುವ ಲೆಕ್ಕವನ್ನು 1908ರಲ್ಲಿ ಪ್ರಕಟಿಸಿದರು. ಇಂದಿಗೂ ಮುಳುಗುಗಾರರು ನಿಧಾನವಾಗಿ ಏರಿ, ಐದು ಮೀಟರಿನಲ್ಲಿ ಮೂರು ನಿಮಿಷ ತಂಗಿ ಹೊರಬರುತ್ತಾರೆ. ಇಷ್ಟಾದರೂ ಸಾರಜನಕವೆಲ್ಲ ಕಳೆಯುವುದಿಲ್ಲ. ಹಲವು ಮುಳುಗುಗಳ ಬಳಿಕ ವಿಮಾನವೇರಲು 18 ಗಂಟೆಯಾದರೂ ಕಾಯಬೇಕೆಂಬುದು ಸಲಹೆ. ವಿಮಾನವಿಲ್ಲವಲ್ಲ, ಬಸ್ಸಿನಲ್ಲಿ ಹೋಗುತ್ತೇವೆ ಎನ್ನುವಂತಿಲ್ಲ. ಬೆಂಗಳೂರು ಕಡಲಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಸಂಜೆ ಹತ್ತಿದ ಬಸ್ಸು ಅದೇ ರಾತ್ರಿ ಘಟ್ಟವೇರುತ್ತದೆ. ತೆಳುಗಾಳಿ ಬಸ್ಸಿನವರಿಗೆಂದು ರಿಯಾಯಿತಿ ತೋರುವುದಿಲ್ಲ.

ಆದುದರಿಂದ ಜೋಗವನ್ನು ನೋಡುವ ಆಸೆಯಿದ್ದರೆ ಮುಳುಗುವ ಮುನ್ನವೇ ನೋಡಿಬರುವುದು ಲೇಸು; ಅದೂ ಘಟ್ಟದ ಮೇಲಿನದೇ. ಕೊನೆಯ ಮುಳುಗಿನ ಮರುದಿನಕ್ಕೆ ಇಡಗುಂಜಿಯ ಗಣಪತಿ ಉಂಟು, ಭಟ್ಕಳದ ಹಳೆಯ ಕಲ್ಲಿನ ದೇಗುಲಗಳುಂಟು. ಎರಡೂ ಘಟ್ಟದ ಕೆಳಗಿನವು. ಮಳೆಗಾಲದಲ್ಲಂತೂ ಈ ಯೋಚನೆಯೇ ಬೇಡ. ಜೂನಿನಿಂದ ಸೆಪ್ಟೆಂಬರಿನವರೆಗೆ ನೇತ್ರಾಣಿಗೆ ಬೋಟು ಹೊರಡುವುದಿಲ್ಲ.