ಚಳಿಗೆ ಒಣಗುವ ಆಲೂಗಡ್ಡೆ

ನಮ್ಮ ತಾಳವಾಡಿ ಕಡೆ ಆಲೂಗಡ್ಡೆ ಕಿತ್ತ ಮೇಲೆ ರೈತನ ಕೈಯಲ್ಲಿ ಹೆಚ್ಚು ದಿನ ಇರುವುದಿಲ್ಲ. ಇಟ್ಟುಕೊಂಡರೆ ಮೊಳಕೆ, ಇಲ್ಲವೇ ಕೊಳೆ. ಹಾಗಾಗಿ ಕೇಳಿದ ರೇಟಿಗೆ ಕೊಟ್ಟುಬಿಡುತ್ತಾರೆ. ಆಹಾರ ಸಂರಕ್ಷಣೆಯ ಪಾಠ ಬಂದಾಗ ಉಪ್ಪು, ಎಣ್ಣೆ, ಬಿಸಿಲು ಅಂತ ಹೇಳಿ ಮುಗಿಸಲು ನನಗೆ ಮನಸ್ಸಾಗದಿರುವುದು ಇದಕ್ಕೇ. ಚುನ್ಯೊ ಕತೆ ಹೇಳಿಯೇ ತೀರುತ್ತೇನೆ.

ದಕ್ಷಿಣ ಅಮೆರಿಕದ ಪೆರು, ಬೊಲಿವಿಯಾ ದೇಶಗಳ ಗಡಿಯಲ್ಲಿ ಟಿಟಿಕಾಕಾ ಸರೋವರ ಇದೆ. ಅದರ ಸುತ್ತಲಿನ ಬಯಲು ಸಮುದ್ರ ಮಟ್ಟದಿಂದ ಸುಮಾರು 3,800 ಮೀಟರ್ ಎತ್ತರ (ನಮ್ಮ ನೀಲಗಿರಿಯ ದೊಡ್ಡಬೆಟ್ಟವೇ 2,637 ಮೀಟರ್!). ಅಲ್ಲಿಗೆ ಜೂನ್, ಜುಲೈ ಚಳಿಗಾಲ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಚುರುಕು ಬಿಸಿಲು, ಒಣ ಗಾಳಿ. ಕ್ವೆಚುವಾ, ಐಮಾರಾ ಜನ ಸಣ್ಣ ಗಡ್ಡೆಗಳನ್ನು ನೆಲದ ಮೇಲೆ ಹರಡುತ್ತಾರೆ. ರಾತ್ರಿ ಕಲ್ಲಾಗುತ್ತವೆ, ಹಗಲು ಕರಗಿ ಮೆತ್ತಗಾಗುತ್ತವೆ. ಕೆಲವು ದಿನ ಹೀಗಾದ ಮೇಲೆ ಗುಡ್ಡೆ ಹಾಕಿ ಬರಿಗಾಲಲ್ಲಿ ತುಳಿಯುತ್ತಾರೆ. ನೀರು ಸುರಿದುಹೋಗುತ್ತದೆ, ಸಿಪ್ಪೆಯೂ ಕಳಚುತ್ತದೆ. ಮತ್ತೆ ಒಣಗಿಸಿದರೆ ಬೆಂಡಿನಷ್ಟು ಹಗುರವಾದ ಕಪ್ಪು ಉಂಡೆಗಳು. ವರ್ಷಗಟ್ಟಲೆ ಇಡಬಹುದು. ಇಂಕಾ ದೊರೆಗಳ ಉಗ್ರಾಣಗಳಲ್ಲೂ ಇದು ಇತ್ತು. ಬೇಕಾದಾಗ ನೆನೆಹಾಕಿ ಸಾರಿಗೆ ಹಾಕಿಕೊಂಡರಾಯಿತು.

ತುಳಿದರೆ ನೀರು ಬರುವುದೇಕೆ? ನಿಧಾನವಾಗಿ ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶಗಳನ್ನು ಒಡೆದುಬಿಡುತ್ತವೆ. ಫ್ರೀಜರಿನಲ್ಲಿಟ್ಟ ಹಸಿ ಆಲೂಗಡ್ಡೆ ಹೊರಗೆ ತೆಗೆದರೆ ಪಿಚಪಿಚ ಅನ್ನುವುದೂ ಅದಕ್ಕೇ. ನಾವು ಕೆಟ್ಟಿತು ಅಂತ ಎಸೆಯುತ್ತೇವೆ, ಅವರ ಕೆಲಸ ಅಲ್ಲಿಂದಲೇ ಶುರು! ಆಲೂಗಡ್ಡೆಯಲ್ಲಿ ಶೇಕಡ 80ರಷ್ಟು ನೀರೇ ಇರುವುದರಿಂದ ಐದು ಮೂಟೆ ತೂಕ ಒಂದು ಮೂಟೆಗೆ ಇಳಿಯುತ್ತದೆ.

ಇನ್ನೂ ಎತ್ತರದಲ್ಲಿ ಚಳಿ ತಡೆದು ಬೆಳೆಯುವ ಕೆಲವು ತಳಿಗಳು ಕಹಿ, ಹಾಗೇ ತಿಂದರೆ ವಿಷ. ಅವನ್ನು ಹೆಪ್ಪುಗಟ್ಟಿಸಿ ವಾರಗಟ್ಟಲೆ ಹರಿಯುವ ನೀರಿನಲ್ಲಿಟ್ಟು ಬಿಳಿಯ ತುಂತಾ ಮಾಡುತ್ತಾರೆ. ಈ ಬುದ್ಧಿ ಮೊದಲು ಯಾವ ಅಜ್ಜಿಗೆ ಹೊಳೆಯಿತೋ!

ಈ ಸಲ ಒಬ್ಬ ಹುಡುಗ ಎದ್ದು, "ಸಾರ್, ಹಂಗಾದ್ರೆ ರೇಟು ಬರೋ ಗಂಟ ಇಟ್ಕೋಬೋದಲ್ವಾ?" ಅಂದ. ಪುಷ್ಯ ಮಾಸದಲ್ಲಿ ನಮಗೆ ಹಲ್ಲು ಕಟಕಟ ಅಂದರೂ ಗಡ್ಡೆ ಕಲ್ಲಾಗುವ ಚಳಿ ಇಲ್ಲಿಲ್ಲ ಕಣಪ್ಪಾ ಅಂದೆ. "ಬಿಸಿಲು ಐತಲ್ಲ ಸಾರ್, ನಮ್ಮಜ್ಜಿ ಸಂಡಿಗೆ ಒಣಗಿಸ್ತದೆ" ಅಂದವನು, ಅವರಪ್ಪನ ನಲವತ್ತು ಮೂಟೆ ಹೆಚ್ಚಿ ಒಣಗಿಸಲು ಎಷ್ಟು ಚಾಪೆ ಬೇಕು ಅಂತ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕತೊಡಗಿದ.