ರಾಜನ ಜಾಗದಲ್ಲಿ ಸೂರ್ಯ

ಕಣ್ಣು, ಮೂಗು, ಬಾಯಿ ಎಲ್ಲವೂ ಇರುವ ಸೂರ್ಯ. ಸುತ್ತ 32 ಕಿರಣ, ಒಂದು ನೇರ, ಒಂದು ಡೊಂಕು. ಹಿಂಬದಿಯಲ್ಲಿ ಕುಲುಕುವ ಎರಡು ಕೈಗಳು, ಕೋಲಿನ ತುದಿಗೊಂದು ಟೋಪಿ, 'ಒಗ್ಗಟ್ಟು ಮತ್ತು ಸ್ವಾತಂತ್ರ್ಯದಲ್ಲಿ' ಎಂಬ ಸ್ಪ್ಯಾನಿಷ್ ಬರಹ. ನಾಣ್ಯ ಸಂಗ್ರಾಹಕರು ಆಸೆಪಟ್ಟು ಹುಡುಕುವ 1813ರ ಎಂಟು ರೆಯಾಲ್ ಬೆಳ್ಳಿ ನಾಣ್ಯವಿದು. ಇದು ಹುಟ್ಟಿದ್ದು ಆಂಡಿಸ್ ಪರ್ವತದಲ್ಲಿ ಸುಮಾರು 4,000 ಮೀಟರ್ ಎತ್ತರದಲ್ಲಿರುವ ಪೊಟೊಸಿಯ ಟಂಕಸಾಲೆಯಲ್ಲಿ.

ಅದಕ್ಕೆ ಮುಂಚೆ ಅಲ್ಲಿ ಅಚ್ಚಾಗುತ್ತಿದ್ದುದು ಸ್ಪೇನಿನ ರಾಜ ಏಳನೇ ಫರ್ಡಿನಾಂಡನ ಮುಖ. ರಾಜನ ವಿರುದ್ಧ ಎದ್ದಿದ್ದ ಬ್ಯೂನಸ್ ಐರಿಸ್‌ನ ಸಭೆ 1813ರ ಏಪ್ರಿಲ್ 13ರಂದು ಮುಖ ತೆಗೆದು ಸೂರ್ಯನನ್ನು ಹಾಕಿ ಎಂದಿತು. ಆದರೆ ತೂಕ, ಬೆಳ್ಳಿಯ ಶುದ್ಧತೆ ಎರಡನ್ನೂ ಮುಟ್ಟಬೇಡಿ ಎಂದಿತು. ಜಾಣತನದ ಆಜ್ಞೆ. ಕ್ರಾಂತಿಯನ್ನು ನಂಬದ ವ್ಯಾಪಾರಿಯೂ ಸುಮಾರು 27 ಗ್ರಾಂ ಬೆಳ್ಳಿಯನ್ನು ಬೇಡ ಅನ್ನುವುದಿಲ್ಲ.

ಆ ಬೆಳ್ಳಿ ಬಂದದ್ದು ಊರಿನ ನೆತ್ತಿಯ ಮೇಲೇ ನಿಂತಿರುವ ಸೆರ್ರೊ ರಿಕೊ ಬೆಟ್ಟದಿಂದ. 1545ರಲ್ಲಿ ಅಲ್ಲಿ ಬೆಳ್ಳಿ ಸಿಕ್ಕಮೇಲೆ ಸುತ್ತಲಿನ ಹಳ್ಳಿಗಳ ಮೂಲನಿವಾಸಿಗಳು ಸರದಿಯ ಮೇಲೆ ಗಣಿಗಿಳಿಯಲೇಬೇಕೆಂಬ ಕಟ್ಟಳೆ ಬಂತು. ಅದರ ಹೆಸರು 'ಮಿತಾ'. ಅದೇ ಸಭೆ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿತ್ತು. ನಾಣ್ಯದ ಮೇಲಿನ 'ಸ್ವಾತಂತ್ರ್ಯ' ಎಂಬ ಪದಕ್ಕೆ ನಿಜವಾದ ತೂಕ ಕೊಟ್ಟದ್ದು ಇದೇ ಇರಬೇಕು.

ಪೊಟೊಸಿಯನ್ನು ಸಭೆಯ ಕೈಗೆ ತಂದವನು ಮನುಯೆಲ್ ಬೆಲ್ಗ್ರಾನೊ. ಓದಿದ್ದು ಕಾನೂನು, ಆಗಬೇಕಾಗಿ ಬಂದದ್ದು ದಂಡನಾಯಕ. ಫೆಬ್ರವರಿಯಲ್ಲಿ ಸಾಲ್ಟಾದಲ್ಲಿ ಗೆದ್ದವನು ಅಕ್ಟೋಬರ್‌ನಲ್ಲಿ ವಿಲ್ಕಪುಹಿಯೊದಲ್ಲಿ, ನವೆಂಬರ್‌ನಲ್ಲಿ ಅಯೊಹೂಮಾದಲ್ಲಿ ಸೋತ. ಹಿಂದೆ ಸರಿಯುವಾಗ ಟಂಕಸಾಲೆ ಶತ್ರುವಿಗೆ ಸಿಗಬಾರದೆಂದು ಅದನ್ನೇ ಉಡಾಯಿಸಲು ಹೊರಟ. ಒಳಗೆ ಮದ್ದು ತುಂಬಿಸಿ ಬತ್ತಿ ಹಚ್ಚಿಸಿದ. ಅಕ್ಕಪಕ್ಕದ ಜನ ಮನೆ ಬಿಟ್ಟು ದೂರ ಹೋಗಬೇಕಾಯಿತು. ತಾವು ದುಡಿದು ಕಟ್ಟಿಕೊಂಡ ಮನೆಗಳೂ ಜೊತೆಗೇ ಹಾರಿಹೋಗುತ್ತವೆಂಬ ಅವರ ಭಯವನ್ನು ಇತಿಹಾಸದ ಪುಸ್ತಕಗಳು ಬೇಗ ದಾಟಿಬಿಡುತ್ತವೆ. ಸದ್ದು ಬರಲೇ ಇಲ್ಲ. ಬೆಲ್ಗ್ರಾನೊನ ಕಡೆಯ ಅಧಿಕಾರಿಯೊಬ್ಬನೇ ಬತ್ತಿ ಕಿತ್ತುಹಾಕಿದ್ದ ಎಂದು ಆ ಸೈನ್ಯದಲ್ಲಿದ್ದ ಹೊಸೆ ಮರಿಯಾ ಪಾಸ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ.

ಹಾಗಾಗಿ ಟಂಕಸಾಲೆ ಉಳಿಯಿತು, ರಾಜನ ಮುಖ ಮರಳಿತು. 1815ರಲ್ಲಿ ಕ್ರಾಂತಿಕಾರರು ಮತ್ತೆ ಬಂದು ಕೆಲವು ತಿಂಗಳು ಸೂರ್ಯನನ್ನು ಅಚ್ಚು ಹಾಕಿದರು. ವರ್ಷದ ಕೊನೆಗೆ ಸಿಪೆಸಿಪೆಯಲ್ಲಿ ಸೋತು ಪೊಟೊಸಿಯನ್ನು ಕಳೆದುಕೊಂಡರು.

1818ರಲ್ಲಿ ಆ ಸೂರ್ಯ ಬೆಲ್ಗ್ರಾನೊನೇ ಮೊದಲು ಹಾರಿಸಿದ್ದ ನೀಲಿ-ಬಿಳಿ ಬಾವುಟವನ್ನು ಸೇರಿದ, ಈಗಲೂ ಅರ್ಜೆಂಟೀನಾದ ಬಾವುಟದಲ್ಲಿದ್ದಾನೆ. ಪೊಟೊಸಿ ಮಾತ್ರ ಇರುವುದು ಬೊಲಿವಿಯಾದಲ್ಲಿ. ಉಡಾಯಿಸಲು ಹೊರಟಿದ್ದ ಆ ಟಂಕಸಾಲೆ ಇವತ್ತು ವಸ್ತುಸಂಗ್ರಹಾಲಯ.